ಬೀಟಲ್ಸ್ ತಂಡದ ಕೊನೆಯ ಧ್ವನಿಮುದ್ರಣ

ಬೀಟಲ್ಸ್ ತಂಡದ ಕೊನೆಯ ಧ್ವನಿಮುದ್ರಣ ಯಾವುದೆಂದು ಆಲ್ಬಮ್‌ಗಳು ಬಿಡುಗಡೆಯಾದ ಕ್ರಮವನ್ನಷ್ಟೇ ನೋಡಿ ನಿರ್ಧರಿಸಲು ಹೊರಟರೆ ದಾರಿ ತಪ್ಪುವುದು ಖಂಡಿತ. 1970ರ ಮೇ 8ರಂದು ಹೊರಬಂದ ‘ಲೆಟ್ ಇಟ್ ಬಿ’ ತಂಡದ ಕೊನೆಯ ಆಲ್ಬಮ್ ಎನಿಸಿಕೊಂಡಿದ್ದರೂ, ಅದರ ಬಹುಭಾಗವು ಜಾರ್ಜ್ ಹ್ಯಾರಿಸನ್ ಮನಸ್ತಾಪದಿಂದ ಕೆಲವು ದಿನ ತಂಡವನ್ನೇ ತೊರೆದಿದ್ದ 1969ರ ಜನವರಿಯಲ್ಲೇ ಮುದ್ರಣಗೊಂಡಿತ್ತು. ಮೊದಲೇ ಬಿಡುಗಡೆಯಾದ ‘ಆ್ಯಬಿ ರೋಡ್’ ಸಿದ್ಧವಾದದ್ದು ಅದರ ನಂತರ, ಲಂಡನ್ನಿನ ಸೇಂಟ್ ಜಾನ್ಸ್ ವುಡ್‌ನಲ್ಲಿರುವ ಇಎಂಐ ಸ್ಟುಡಿಯೊದಲ್ಲಿ, ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಹಳೆಯ ಶಿಸ್ತಿಗೆ ನಾಲ್ವರೂ ಮತ್ತೆ ಒಪ್ಪಿಕೊಂಡ ಮೇಲೆ.

ಒಂದೇ ಟೇಪಿನ ಮೇಲೆ ಎಂಟು ಪ್ರತ್ಯೇಕ ಪಟ್ಟಿಗಳಲ್ಲಿ ಧ್ವನಿಗಳನ್ನು ದಾಖಲಿಸಿ ಬಳಿಕ ಬೆರೆಸುವ ಎಂಟು-ಟ್ರ್ಯಾಕ್ ಯಂತ್ರ ಆಗ ಬಳಕೆಗೆ ಬಂದಿತ್ತು. ಹೀಗಾಗಿ ಒಬ್ಬೊಬ್ಬರೇ ಬೇರೆ ಬೇರೆ ವೇಳೆಗೆ ಬಂದು ನುಡಿಸಿ ಹೋದರೂ ಹಾಡು ಪೂರ್ಣವಾಗುತ್ತಿತ್ತು. ಅಂಥ ಅನುಕೂಲವಿದ್ದರೂ, 1969ರ ಆಗಸ್ಟ್ 7ರಂದು ‘ದಿ ಎಂಡ್’ ಗೀತೆಗಾಗಿ ಪಾಲ್ ಮೆಕಾರ್ಟ್ನಿ, ಹ್ಯಾರಿಸನ್ ಮತ್ತು ಜಾನ್ ಲೆನನ್ ಜೊತೆಯಾಗಿ ನಿಂತು, ಸರದಿಯಂತೆ ಮೂರು ಸುತ್ತು ಗಿಟಾರ್ ನುಡಿಸಿದರು. ಒಬ್ಬರ ಸ್ವರಕ್ಕೆ ಮತ್ತೊಬ್ಬರು ಅಲ್ಲಿಯೇ ಉತ್ತರಿಸುವ ಆ ಕೆಲವು ಕ್ಷಣಗಳನ್ನು ಕೇಳಿದವರಿಗೆ, ಇವರ ಸಂಗೀತಬಂಧ ಜಗಳಗಳಿಗಿಂತ ಆಳವಾಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ.

ಆಗಸ್ಟ್ 20ರಂದು ಡ್ರಮ್ ವಾದಕ ರಿಂಗೊ ಸ್ಟಾರ್ ಸೇರಿ ನಾಲ್ವರೂ ಸ್ಟುಡಿಯೊಗೆ ಬಂದು, ‘ಐ ವಾಂಟ್ ಯೂ’ ಗೀತೆಯ ಮಿಶ್ರಣವನ್ನು ಮುಗಿಸಿ, ಆಲ್ಬಮ್ಮಿನ ಹಾಡುಗಳ ಕ್ರಮವನ್ನು ಚರ್ಚಿಸಿದರು. ಲೆನನ್ ಸೂಚನೆಯಂತೆ ಟೇಪನ್ನು ನಡುವೆಯೇ ಕತ್ತರಿಸಿದ್ದರಿಂದ ಆ ಗೀತೆ ಇಂದಿಗೂ ಹಠಾತ್ತನೆ ನಿಂತುಬಿಡುತ್ತದೆ. ಒಂದು ತಿಂಗಳಾಗುವಷ್ಟರಲ್ಲಿ, ಸೆಪ್ಟೆಂಬರ್ 20ರಂದು, ತಂಡ ಬಿಡುವ ನಿರ್ಧಾರವನ್ನು ಲೆನನ್ ಒಳಗಿನವರಿಗೆ ತಿಳಿಸಿದರು.

ಇದರ ಅನಂತರವೂ ‘ಲೆಟ್ ಇಟ್ ಬಿ’ ಆಲ್ಬಮ್ಮಿನ ಕೆಲಸ ಉಳಿದಿತ್ತು. ಅಹಂಕಾರವನ್ನು ಕುರಿತ ಹ್ಯಾರಿಸನ್ನರ ‘ಐ ಮೀ ಮೈನ್’ ಗೀತೆಯನ್ನು 1970ರ ಜನವರಿ 3ರಂದು ಮೂವರೇ ಮುದ್ರಿಸಿದರು. ಲೆನನ್ ಆಗ ಡೆನ್ಮಾರ್ಕಿನಲ್ಲಿದ್ದರು. ಒಂದೂವರೆ ನಿಮಿಷದಷ್ಟಿದ್ದ ಅದನ್ನು ನಿರ್ಮಾಪಕ ಫಿಲ್ ಸ್ಪೆಕ್ಟರ್ ಭಾಗವೊಂದನ್ನು ಪುನರಾವರ್ತಿಸಿ ಉದ್ದಗೊಳಿಸಿದರು. ಏಪ್ರಿಲ್ 1ರಂದು ವಾದ್ಯವೃಂದವನ್ನು ಸೇರಿಸುವಾಗ ನಾಲ್ವರಲ್ಲಿ ಹಾಜರಿದ್ದವರು ಸ್ಟಾರ್ ಒಬ್ಬರೇ. ತಂಡದ ಹೆಸರಿನಲ್ಲಿ ನಡೆದ ಕೆಲಸವನ್ನು ಎಣಿಸುವವರಿಗೆ ಈ ದಿನಾಂಕಗಳೂ ಮುಖ್ಯವೇ. ಆದರೆ ನಾಲ್ವರು ಕೂಡಿದ್ದನ್ನೇ ಬೀಟಲ್ಸ್ ಎನ್ನುವುದಾದರೆ, ಸ್ಟುಡಿಯೊದಲ್ಲಿ ಆ ತಂಡದ ಚರಿತ್ರೆ 1969ರ ಆಗಸ್ಟ್ 20ಕ್ಕೇ ಮುಗಿಯಿತೆಂದು ಹೇಳಬೇಕು.