ಸಂಜೆಯಾದಂತೆ ಸೋಲುವ ಸ್ನಾಯು: ಮಯಸ್ಥೇನಿಯಾ ಗ್ರೇವಿಸ್ ಜತೆ ಬದುಕು

ಕೊಪ್ಪಳ: ಬೆಳಿಗ್ಗೆ ಸರಿಯಾಗಿಯೇ ಇದ್ದ ಕಣ್ಣುರೆಪ್ಪೆ ಮಧ್ಯಾಹ್ನದ ಹೊತ್ತಿಗೆ ಜೋತು ಬೀಳುತ್ತದೆ. ಸಂಜೆಯ ವೇಳೆಗೆ ಎದುರಿನ ಒಂದು ವಸ್ತು ಎರಡಾಗಿ ಕಾಣುತ್ತದೆ. ಖಡಕ್ ರೊಟ್ಟಿ ಅಗಿಯುತ್ತ ಹೋದಂತೆ ದವಡೆ ಸೋಲುತ್ತದೆ, ಮಾತು ಮೂಗಿನಲ್ಲಿ ಬರತೊಡಗುತ್ತದೆ. ರಾತ್ರಿ ನಿದ್ರಿಸಿ ಎದ್ದರೆ ಮತ್ತೆ ಬಹುಮಟ್ಟಿಗೆ ಎಲ್ಲವೂ ಸರಿ. ಹೀಗೆ ಬಂದು ಹೋಗುವ ನಿಶ್ಶಕ್ತಿಯನ್ನು ಮನೆಯವರು ದಣಿವೆಂದೋ, ರಕ್ತಹೀನತೆಯೆಂದೋ, ಸೋಮಾರಿತನವೆಂದೋ ಭಾವಿಸುವುದು ಸಹಜ. ಆದರೆ ಇವು ಮಯಸ್ಥೇನಿಯಾ ಗ್ರೇವಿಸ್ ಎಂಬ ವಿರಳ ಕಾಯಿಲೆಯ ಲಕ್ಷಣಗಳಾಗಿರಬಹುದು.

ಲಕ್ಷ ಜನರಲ್ಲಿ ಸುಮಾರು 15ರಿಂದ 20 ಮಂದಿಯಲ್ಲಿ ಇದು ಕಂಡುಬರುತ್ತದೆ ಎಂಬುದು ಜಾಗತಿಕ ಅಂದಾಜು. 40 ವರ್ಷದೊಳಗಿನ ಮಹಿಳೆಯರು ಹಾಗೂ 60 ದಾಟಿದ ಪುರುಷರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ಹಿಂದಿ ಚಿತ್ರನಟ ಅಮಿತಾಬ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಈ ಕಾಯಿಲೆ ಇರುವುದು ಪತ್ತೆಯಾಗಿತ್ತು. ಅನಂತರವೂ ದಶಕಗಳ ಕಾಲ ಅವರು ನಟನೆಯಲ್ಲಿ ಮುಂದುವರಿದರು.

ಹಾವಿನ ವಿಷಕ್ಕೂ ಕಾಯಿಲೆಗೂ ಸಾಮ್ಯ

ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ತಲುಪಿದಾಗ ಸ್ನಾಯು ಕೆಲಸ ಮಾಡುತ್ತದೆ. ಸೋಂಕಿನಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಈ ಗ್ರಾಹಕಗಳ ಮೇಲೆ ಪ್ರತಿಕಾಯಗಳನ್ನು ಹೂಡುವುದೇ ಈ ಕಾಯಿಲೆಯ ಮೂಲ. ಆದ್ದರಿಂದಲೇ ಇದನ್ನು ಆಟೋಇಮ್ಯೂನ್ ಕಾಯಿಲೆಗಳ ಸಾಲಿಗೆ ಸೇರಿಸಲಾಗಿದೆ.

ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಇದರ ಇನ್ನೊಂದು ರೂಪ ಪರಿಚಿತ. ನಾಗರಹಾವು ಕಚ್ಚಿದವರ ರೆಪ್ಪೆ ಜೋತು ಬೀಳುವುದು, ನುಂಗಲು ಆಗದಿರುವುದು, ಕೊನೆಗೆ ಉಸಿರು ನಿಲ್ಲುವುದು ವಿಷವು ಇದೇ ಗ್ರಾಹಕಗಳನ್ನು ಮುಚ್ಚಿಬಿಡುವುದರಿಂದ. ಈ ಸಾಮ್ಯವನ್ನು ಚಿಕಿತ್ಸೆಗೆ ಬಳಸಿಕೊಂಡವರು ಬ್ರಿಟನ್ನಿನ ವೈದ್ಯೆ ಮೇರಿ ವಾಕರ್. ಗ್ರಾಹಕಗಳನ್ನು ಮುಚ್ಚುವ ಕ್ಯುರಾರೆ ಎಂಬ ಸಸ್ಯವಿಷಕ್ಕೆ ಪ್ರತ್ಯೌಷಧವಾಗಿದ್ದ ಫೈಸೊಸ್ಟಿಗ್ಮಿನ್ ಅನ್ನು ಅವರು 1934ರಲ್ಲಿ ರೋಗಿಯೊಬ್ಬರಿಗೆ ನೀಡಿ ಸುಧಾರಣೆ ಕಂಡರು. ಇಂದು ಬಳಕೆಯಲ್ಲಿರುವ ಪಿರಿಡೊಸ್ಟಿಗ್ಮಿನ್ ಗುಳಿಗೆ ಅದೇ ಕುಲಕ್ಕೆ ಸೇರಿದ್ದು.

ಪತ್ತೆ ಎಲ್ಲಿ, ಹೇಗೆ?

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಂಥ ಊರಿನ ನಿವಾಸಿಗೆ ಮೊದಲ ಹೆಜ್ಜೆ ಜಿಲ್ಲಾ ಕೇಂದ್ರದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ನರರೋಗ ತಜ್ಞರಿಗಾಗಿ ನೂರು ಕಿ.ಮೀ.ಗೂ ಆಚೆಯ ಹುಬ್ಬಳ್ಳಿಗೆ ಅಥವಾ ಮುನ್ನೂರು ಕಿ.ಮೀ.ಗೂ ಆಚೆಯ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗಬಹುದು.

ಜೋತುಬಿದ್ದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆ ಇಟ್ಟಾಗ ಅದು ಮೇಲೇರಿದರೆ ಸಂಶಯ ಬಲಗೊಳ್ಳುತ್ತದೆ. ನರವನ್ನು ಪದೇ ಪದೇ ಪ್ರಚೋದಿಸುವ ವಿದ್ಯುತ್ ಪರೀಕ್ಷೆ ಹಾಗೂ ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆ. ದೇಹಕ್ಕೆಲ್ಲ ವ್ಯಾಪಿಸಿದ ಕಾಯಿಲೆಯಲ್ಲಿ ಸುಮಾರು ಶೇ 85ರಷ್ಟು ರೋಗಿಗಳಲ್ಲಿ ಮುಖ್ಯ ಪ್ರತಿಕಾಯ ಕಾಣಿಸುತ್ತದೆ. ಅದು ಕಾಣಿಸದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಶೇ 10ರಿಂದ 15ರಷ್ಟು ರೋಗಿಗಳಿಗೆ ಗೆಡ್ಡೆ ಇರುವುದರಿಂದ ಸಿ.ಟಿ. ಸ್ಕ್ಯಾನ್ ಅಗತ್ಯ.

ಮೊದಲ ಎರಡು ವರ್ಷ

ಕಾಯಿಲೆ ಬಹಳಷ್ಟು ಜನರಲ್ಲಿ ಕಣ್ಣಿನಿಂದ ಆರಂಭವಾಗುತ್ತದೆ. ಅದು ಇತರ ಅಂಗಗಳಿಗೆ ಹಬ್ಬುವುದಾದರೆ ಸಾಮಾನ್ಯವಾಗಿ ಮೊದಲ ಎರಡು ವರ್ಷಗಳಲ್ಲೇ. ಹೀಗಾಗಿ ಈ ಅವಧಿಯಲ್ಲಿ ತಜ್ಞರ ಭೇಟಿ ತಪ್ಪಿಸುವಂತಿಲ್ಲ.

ಪಿರಿಡೊಸ್ಟಿಗ್ಮಿನ್ ಗುಳಿಗೆಯ ಪರಿಣಾಮ ಮೂರ್ನಾಲ್ಕು ಗಂಟೆ ಮಾತ್ರ. ಅಗಿಯಲು, ನುಂಗಲು ಕಷ್ಟಪಡುವವರು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಅನುಕೂಲ. ಹೊಟ್ಟೆ ನುಲಿತ, ಭೇದಿ ಆದರೆ ವೈದ್ಯರಿಗೆ ತಿಳಿಸಬೇಕು. ಈ ಗುಳಿಗೆ ಲಕ್ಷಣವನ್ನಷ್ಟೇ ತಗ್ಗಿಸುತ್ತದೆ. ಕಾಯಿಲೆಯನ್ನು ಹತೋಟಿಯಲ್ಲಿಡುವುದು ಸ್ಟೀರಾಯ್ಡ್, ಅಜಥಯೊಪ್ರಿನ್ ಮುಂತಾದ ಔಷಧಗಳು. ಸ್ಟೀರಾಯ್ಡ್ ಆರಂಭಿಸಿದ ಮೊದಲ ವಾರಗಳಲ್ಲಿ ನಿಶ್ಶಕ್ತಿ ಹೆಚ್ಚಬಹುದು. ಗುಣವಾಯಿತೆಂದು ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ. ಅಜಥಯೊಪ್ರಿನ್ ಪೂರ್ಣ ಫಲ ಕೊಡಲು ಹಲವು ತಿಂಗಳು ಬೇಕು, ನಿಯಮಿತ ರಕ್ತಪರೀಕ್ಷೆಯೂ ಬೇಕು. ಗರ್ಭ ಧರಿಸಲು ಬಯಸುವವರು ಮೊದಲೇ ವೈದ್ಯರೊಂದಿಗೆ ಚರ್ಚಿಸಬೇಕು. 2016ರಲ್ಲಿ ಪ್ರಕಟವಾದ, 126 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ ಥೈಮಸ್ ತೆಗೆಸಿಕೊಂಡವರಿಗೆ ನಿಶ್ಶಕ್ತಿಯೂ ಸ್ಟೀರಾಯ್ಡ್‌ನ ಅಗತ್ಯವೂ ಕಡಿಮೆಯಾದದ್ದು ಕಂಡುಬಂತು.

ಕೆಲಸವನ್ನು ಬೆಳಗಿನ ಹೊತ್ತಿಗೆ ಹೊಂದಿಸಿಕೊಳ್ಳುವುದು, ನಡುನಡುವೆ ವಿಶ್ರಾಂತಿ ಪಡೆಯುವುದು ಲೇಸು. ಬಿಸಿಲಿನ ತಾಪಕ್ಕೆ ನಿಶ್ಶಕ್ತಿ ಹೆಚ್ಚುವುದರಿಂದ ಬಯಲುಸೀಮೆಯ ಬೇಸಿಗೆಯಲ್ಲಿ ಎಚ್ಚರ ಬೇಕು. ಖಡಕ್ ರೊಟ್ಟಿಯ ಬದಲು ಸಾರಿನಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿ, ಮೆತ್ತಗೆ ಬೇಯಿಸಿದ ನುಚ್ಚು ಅಗಿಯಲು ಹಗುರ.

ತಿಳಿಯದ ಇಂಜೆಕ್ಷನ್ ಬೇಡ

ರೋಗ ಪತ್ತೆಯಾಗುವುದು ನಗರದಲ್ಲಿ, ಆದರೆ ಜ್ವರ ಬಂದಾಗ ರೋಗಿ ಹೋಗುವುದು ಊರಿನ ದವಾಖಾನೆಗೆ. ನಿಜವಾದ ಅಪಾಯ ಇಲ್ಲಿದೆ. ಸಾಮಾನ್ಯ ಸೋಂಕುಗಳಿಗೆ ನೀಡುವ ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್‌ನಂಥ ಆಂಟಿಬಯೋಟಿಕ್‌ಗಳು, ಮಲೇರಿಯಾದ ಕ್ಲೋರೊಕ್ವಿನ್, ರಕ್ತನಾಳಕ್ಕೆ ನೀಡುವ ಮೆಗ್ನೀಸಿಯಂ, ರಕ್ತದೊತ್ತಡದ ಕೆಲವು ಗುಳಿಗೆಗಳು ಸ್ನಾಯುಗಳನ್ನು ಮತ್ತಷ್ಟು ಸೋಲಿಸಬಲ್ಲವು. ಸೋಂಕನ್ನು ಹಾಗೆಯೇ ಬಿಡುವುದೂ ಅಷ್ಟೇ ಅಪಾಯಕಾರಿಯಾದ್ದರಿಂದ ಆಯ್ಕೆಯನ್ನು ಕಾಯಿಲೆಯ ಅರಿವಿರುವ ವೈದ್ಯರಿಗೇ ಬಿಡಬೇಕು. ಕಾಯಿಲೆಯ ಹೆಸರು, ನಿತ್ಯದ ಔಷಧ, ವರ್ಜ್ಯ ಔಷಧಗಳ ಪಟ್ಟಿ, ತಜ್ಞರ ದೂರವಾಣಿ ಸಂಖ್ಯೆಗಳುಳ್ಳ ಚೀಟಿಯನ್ನು ರೋಗಿ ಸದಾ ಜತೆಗಿಟ್ಟುಕೊಳ್ಳುವುದು ಒಳಿತು. ದಂತವೈದ್ಯರಿಗೂ, ಅರಿವಳಿಕೆ ನೀಡುವವರಿಗೂ ಅದನ್ನು ತೋರಿಸಬೇಕು.

ಉಗುಳು ನುಂಗಲಾಗದಿರುವುದು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಕತ್ತು ನಿಲ್ಲದಿರುವುದು, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿರುವುದು ತುರ್ತು ಸ್ಥಿತಿಯ ಸೂಚನೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸರಿಯಾದ ಅಂಕಿ ತೋರಿಸುತ್ತಿದ್ದರೂ ಕಾಯಬಾರದು. ಆಮ್ಲಜನಕದ ಮಟ್ಟ ಕುಸಿಯುವುದು ಕೊನೆಯ ಹಂತದಲ್ಲಿ. ಬಾಯಿಗೆ ನೀರು, ಗುಳಿಗೆ ಹಾಕದೆ 108ಕ್ಕೆ ಕರೆ ಮಾಡಿ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಇಮ್ಯುನೊಗ್ಲೊಬ್ಯುಲಿನ್ ನೀಡುವುದು ಅಥವಾ ಪ್ಲಾಸ್ಮಾ ಬದಲಾವಣೆ ಜೀವ ಉಳಿಸುವ ಚಿಕಿತ್ಸೆಗಳು.

ವೆಚ್ಚದ ಹೊರೆ

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ರೂ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಅವಕಾಶವಿದೆ. ತಮಗೆ ಬೇಕಾದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂಬುದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ, ರೆಫರಲ್ ಪತ್ರ ಪಡೆದು ಹೊರಡುವುದು ಸೂಕ್ತ. ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಗಳು, ಪ್ರಯಾಣ, ಕಳೆದುಹೋಗುವ ದಿನಗೂಲಿ ಮಾತ್ರ ಕುಟುಂಬದ ಮೇಲೇ ಬೀಳುವ ಹೊರೆ.

ನೂರು ವರ್ಷಗಳ ಹಿಂದೆ ಹಲವರ ಜೀವವನ್ನೇ ತೆಗೆಯುತ್ತಿದ್ದ ಈ ಕಾಯಿಲೆಯೊಂದಿಗೆ ಇಂದು ಬಹುತೇಕ ರೋಗಿಗಳು ಪೂರ್ಣಾಯುಷ್ಯ ಬದುಕುತ್ತಾರೆ. ಅದಕ್ಕೆ ದೂರದ ತಜ್ಞರ ಚಿಕಿತ್ಸೆಯಷ್ಟೇ ಊರಿನ ವೈದ್ಯರ ತಿಳಿವಳಿಕೆಯೂ, ಸಂಜೆಯ ನಿಶ್ಶಕ್ತಿಯನ್ನು ಸೋಮಾರಿತನವೆಂದು ಹಳಿಯದ ಮನೆಯವರ ಸಹನೆಯೂ ಬೇಕು.