ನಾಗಾವಿಯ ಕಲ್ಲು, ಬೊಲೊನ್ಯಾದ ಗೋಡೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಮಿತಿಯ ಗೆಳೆಯರು ಕೇಳಿದಾಗ, ನಾನು ಇಟಲಿಯಿಂದ ಮರಳಿ ಹದಿನೈದು ದಿನವಷ್ಟೇ ಆಗಿತ್ತು. ಮಗಳು ಅಲ್ಲಿನ ಬೊಲೊನ್ಯಾ ಎಂಬ ಊರಿನಲ್ಲಿ ಓದುತ್ತಿದ್ದಾಳೆ. ಅವಳ ಒತ್ತಾಯಕ್ಕೆ ನಾನೂ ನನ್ನ ಮನೆಯವರೂ ಇಪ್ಪತ್ತು ದಿನ ಹೋಗಿ ಬಂದೆವು. ಗುಡ್ಡದ ಮೇಲಿನ ಹಳೆಯ ಊರು ಕಂಡೆವು, ಸಮುದ್ರ ಕಂಡೆವು, ಅಲ್ಲಿನ ಊಟ ಉಂಡೆವು. ಆದರೆ ಹೋದ ಕಡೆಯಲ್ಲೆಲ್ಲ ನನಗೆ ನೆನಪಾದದ್ದು ಚಿತ್ತಾಪುರದ ಪಕ್ಕದ ನಾಗಾವಿ. ಅದು ಯಾಕೆ ಎಂಬುದನ್ನು ಹೇಳಲು ಮೊದಲು ನಮ್ಮ ಶಾಲೆಯ ದಿನಗಳಿಗೆ ಹೋಗಬೇಕು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಸಮಾಜ ವಿಜ್ಞಾನದ ಸರ್ ನಮ್ಮನ್ನು ನಾಗಾವಿಗೆ ಕರೆದುಕೊಂಡು ಹೋಗಿದ್ದರು. ಸೇಡಂನಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಮಳಖೇಡ ರೋಡ್ ದಾಟಿ, ಚಿತ್ತಾಪುರದಲ್ಲಿ ಇಳಿದು ನಡೆದೆವು. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ನಮ್ಮ ಬುತ್ತಿ. ಅರವತ್ತು ಕಂಬದ ಗುಡಿಯಲ್ಲಿ ನಾವು ಕಂಬದಿಂದ ಕಂಬಕ್ಕೆ ಅಡಗುತ್ತ ಆಡುತ್ತಿದ್ದರೆ ಸರ್ ಕೂಗಿ ಕೂಡಿಸಿದರು.

ಅವರು ಹೇಳಿದ್ದು ಇಷ್ಟು. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನ ಇಲ್ಲೊಂದು ಘಟಿಕಾಸ್ಥಾನ ಕಟ್ಟಿಸಿದ. ಘಟಿಕಾಸ್ಥಾನವೆಂದರೆ ಆ ಕಾಲದ ದೊಡ್ಡ ವಿದ್ಯಾಲಯ. 1058ರ ಶಾಸನದಲ್ಲಿ ಅದರ ಲೆಕ್ಕವೆಲ್ಲ ಇದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಸುಮಾರು 50 ಮಂದಿ, ಅವರಿಗೆ ಕಲಿಸುವವರು, ಮತ್ತು ಆರು ಮಂದಿ 'ಸರಸ್ವತೀ ಭಂಡಾರಿಗ'ರು, ಅಂದರೆ ಗ್ರಂಥ ಕಾಯುವವರು. ಇವರೆಲ್ಲರ ಜೀವನಕ್ಕೆ ಭೂಮಿಯ ದತ್ತಿ. ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆ ನಾಗಾವಿಯ ಶಾಸನಗಳನ್ನು 1928ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿತು.

"ಪುಸ್ತಕ ಕಾಯಲಿಕ್ಕೆ ಆರು ಮಂದಿ!" ಎಂದು ನಾವು ನಕ್ಕೆವು. ಆಗ ನನ್ನ ಬೆಂಚಿನ ಜೊತೆಗಾರ ಎದ್ದು ನಿಂತ. ಅವನಪ್ಪ, ನನ್ನಪ್ಪ ಇಬ್ಬರೂ ಪರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವರು. "ಸರ್, ಆಗ ನಾವು ಬಂದಿದ್ರ ಈ ಸಾಲ್ಯಾಗ ನಮ್ಮನ್ನ ಸೇರಿಸ್ಕೋತಿದ್ರೇನ್ರಿ?" ಎಂದು ಕೇಳಿದ. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲಪ್ಪ. ನಿನ್ನೂ ಇಲ್ಲ, ನನ್ನೂ ಇಲ್ಲ. ಅದಕ್ಕೇ ನಮ್ಮ ಸಾಲಿ ಇದಕ್ಕಿಂತ ದೊಡ್ಡದು" ಅಂದರು. ಆಗ ನಮ್ಮ ಶಾಲೆಗೆ ಇದ್ದದ್ದು ನಾಲ್ಕು ಕೋಣೆ.

ಇನ್ನು ಬೊಲೊನ್ಯಾದ ಮಾತಿಗೆ ಬರುತ್ತೇನೆ. ಉತ್ತರ ಇಟಲಿಯ ಈ ಊರಿನ ಬೀದಿಗಳಿಗೆ ಎರಡೂ ಕಡೆ ಕಮಾನಿನ ಪಡಸಾಲೆಗಳಿವೆ. ಮಳೆ ಬಂದರೂ ತೋಯದೆ ಊರೆಲ್ಲ ತಿರುಗಬಹುದು. 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರ ಊರಿನ ಗುರುತು. ಇಲ್ಲಿನ ಊಟಕ್ಕೆ ಇಟಲಿಯಲ್ಲೆಲ್ಲ ಹೆಸರು. ಗೋದಿ ಹಿಟ್ಟಿಗೆ ತತ್ತಿ ಹಾಕಿ ನಾದಿ, ತೆಳ್ಳಗೆ ಲಟ್ಟಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸುವುದನ್ನು ಅಂಗಡಿಯ ಕಿಟಕಿಯಲ್ಲೇ ನೋಡಬಹುದು. ನನ್ನ ಮನೆಯವರು ನಿಂತು ನೋಡಿ, "ನಮ್ಮ ಶಾವಿಗಿನೇ ಅಗಲ ಮಾಡ್ಯಾರ" ಅಂದರು.

ಮಗಳು ನಮ್ಮನ್ನು ವಿಶ್ವವಿದ್ಯಾಲಯದ ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋದಳು. "ಅಪ್ಪಾ, ಯುರೋಪಿನಾಗ ಇದೇ ಎಲ್ಲಕ್ಕಿಂತ ಹಳೇ ವಿಶ್ವವಿದ್ಯಾಲಯ. 1088ರದು" ಅಂದಳು. ನನ್ನ ಬಾಯಿಂದ ತಾನಾಗಿ ಬಂತು: "ನಾಗಾವಿ ಶಾಸನ 1058ರದು." ಮೂವತ್ತು ವರ್ಷ ಮೊದಲು! ಒಂದು ಗಳಿಗೆ ನನಗೆ ಎದೆಯುಬ್ಬಿದ್ದು ನಿಜ. ಆದರೆ ಇತಿಹಾಸ ಕಲಿಸಿದವನು ಅಲ್ಲಿಗೇ ನಿಲ್ಲಬಾರದು.

1088 ಎಂಬುದು ಯಾವ ಕಲ್ಲಿನಲ್ಲೂ ಕೊರೆದ ವರ್ಷವಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕವಿ ಕಾರ್ದೂಚ್ಚಿ ಮುಂದಾಳಾಗಿದ್ದ ಒಂದು ಸಮಿತಿ ಅದನ್ನು ಗೊತ್ತುಮಾಡಿ, 1888ರಲ್ಲಿ ಎಂಟುನೂರನೇ ವರ್ಷದ ಉತ್ಸವ ಮಾಡಿತು. ನಮ್ಮ ಹಾಗೆಯೇ ಅವರದೂ ಒಂದು ಮಹೋತ್ಸವ ಸಮಿತಿ! ಅದರ ಹಿಂದೆ ಒಂದು ನಿಜವಿತ್ತು. ಆ ಕಾಲಕ್ಕೆ ಇರ್ನೇರಿಯಸ್ ಎಂಬ ಪಂಡಿತ ಅಲ್ಲಿ ಹಳೆಯ ರೋಮನ್ ಕಾನೂನಿಗೆ ಟಿಪ್ಪಣಿ ಬರೆಯುತ್ತ ಪಾಠ ಹೇಳುತ್ತಿದ್ದ. ಸರಿಸುಮಾರು ಅದೇ ಕಾಲಕ್ಕೆ, ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ನಮ್ಮ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಶಹಾಬಾದ್ ಹತ್ತಿರದ ಮರತೂರ ಅವನ ಕರ್ಮಭೂಮಿಯೆಂದು ಹೆಸರಾಗಿದೆ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಪಾಲಿನ ವ್ಯಾಜ್ಯಗಳಿಗೆ ಕೋರ್ಟುಗಳು ಆಧಾರ ಮಾಡಿಕೊಂಡದ್ದು ಆ ಗ್ರಂಥವನ್ನೇ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಆ ಪದ್ಧತಿಯನ್ನು ಕಾನೂನು ತಿದ್ದಿದ್ದು 2005ರಲ್ಲಿ.

ಹೀಗೆ ಅಲ್ಲಿಯೂ ವಿದ್ಯೆ, ಇಲ್ಲಿಯೂ ವಿದ್ಯೆ. ಹಾಗಾದರೆ ಅದು ಉಳಿಯಿತು, ನಾಗಾವಿಯಲ್ಲಿ ಕಂಬ ಮಾತ್ರ ಉಳಿದವು, ಯಾಕೆ? ನನಗೆ ತೋಚಿದ ಕಾರಣ ಹೀಗಿದೆ. ಬೊಲೊನ್ಯಾಕ್ಕೆ ದೂರದೂರದಿಂದ ಬಂದ ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಿಕೊಂಡರು. ಗುರುಗಳಿಗೆ ಅವರೇ ಹಣ ಕೂಡಿಸಿ ಕೊಡುತ್ತಿದ್ದರು. ಗುರುಗಳು ತಡವಾಗಿ ಬಂದರೆ ದಂಡವನ್ನೂ ಹಾಕುತ್ತಿದ್ದರು! ನಾಗಾವಿ ನಿಂತದ್ದು ಅರಸು, ದಂಡನಾಯಕರ ದತ್ತಿಯ ಮೇಲೆ. ಅರಸು ಮನೆತನ ಹೋಯಿತು, ದತ್ತಿಯ ಭೂಮಿ ಕೈ ಬದಲಾಯಿತು, ಕಲಿಯುವವರು ಚದುರಿದರು. ಊರಿನವರದು ಎಂದು ಆ ವಿದ್ಯಾಲಯ ಎಂದೂ ಆಗಿರಲಿಲ್ಲ. ಸರ್ ಅಂದು ಹೇಳಿದ್ದೂ ಅದನ್ನೇ.

ಒಂದು ದಿನ ಗುಡ್ಡದ ಮೇಲಿನ ಉರ್ಬಿನೊ ಎಂಬ ಊರಿಗೆ ಹೋದೆವು. ಚಿತ್ರಕಾರ ರಾಫೆಲ್ 1483ರಲ್ಲಿ ಹುಟ್ಟಿದ ಊರು. ರೈಲಿಲ್ಲ; ಪೆಸಾರೊದಿಂದ ಬಸ್ಸು. ನಮಗೆ ಗುಡ್ಡವೆಂದರೆ ಚಿಂಚೋಳಿಯ ಕಾಡುಗುಡ್ಡ. ಇಲ್ಲಿ ಗುಡ್ಡದ ನೆತ್ತಿಯ ಮೇಲೆ ಊರಿಗೆ ಊರೇ ಕೂತಿದೆ. ಹದಿನೈದನೇ ಶತಮಾನದ ದೊರೆ ಫೆದೆರಿಕೊ ಅಲ್ಲಿ ದೊಡ್ಡ ಹಸ್ತಪ್ರತಿ ಭಂಡಾರ ಕೂಡಿಸಿದ್ದ. ಗ್ರಂಥಗಳನ್ನು ತೇವದಿಂದ, ಹುಳುವಿನಿಂದ ಕಾಯಬೇಕೆಂದು ಗ್ರಂಥಪಾಲಕನಿಗೆ ನಿಯಮವಿತ್ತು. ನಾಗಾವಿಯ ಆರು ಮಂದಿಯ ಕೆಲಸವೂ ಇದೇ ಅಲ್ಲವೇ! ಆದರೆ ವಂಶ ಮುಗಿದ ಮೇಲೆ ಆ ಗ್ರಂಥಗಳೆಲ್ಲ ರೋಮಿನ ಪೋಪರ ಭಂಡಾರ ಸೇರಿದವು. ನನಗೆ ನಮ್ಮ ಮಳಖೇಡ ನೆನಪಾಯಿತು. ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದ ಊರು, ಮಹಾವೀರಾಚಾರ್ಯ ಗಣಿತ ಬರೆದ ಕಾಲದ ರಾಜಧಾನಿ. 972ರಲ್ಲಿ ಪರಮಾರರ ಸೀಯಕ ಅದನ್ನು ಲೂಟಿ ಮಾಡಿದ. ರಾಜನೊಬ್ಬನ ವಿದ್ಯೆ ರಾಜನೊಡನೆ ಹೋಗುತ್ತದೆ, ಅಲ್ಲಿಯೂ ಇಲ್ಲಿಯೂ.

ಕೊನೆಗೆ ರಿಮಿನಿಯ ಸಮುದ್ರ. ಕಾಗಿಣಾ, ಭೀಮೆಯ ದಂಡೆ ಬಿಟ್ಟರೆ ಬೇರೆ ದಂಡೆ ಕಾಣದ ನಾವು ಮರಳಲ್ಲಿ ಕೂತು ಪಿಯಾದೀನ ತಿಂದೆವು. ಹಂಚಿನ ಮೇಲೆ ಬೇಯಿಸಿದ ತೆಳ್ಳನೆಯ ಗೋದಿ ರೊಟ್ಟಿ, ನಡುವೆ ಸೊಪ್ಪು, ಗಿಣ್ಣು. ಖಾರವೊಂದು ಕಡಿಮೆ, ಮನೆಯವರು ಊರಿಂದ ಒಯ್ದಿದ್ದ ಶೇಂಗಾ ಹಿಂಡಿ ಉದುರಿಸಿಕೊಂಡರು. ಅದೇ ಊರಲ್ಲಿ ರೋಮನ್ನರು ಕ್ರಿ.ಶ. 21ರಲ್ಲಿ ಮುಗಿಸಿದ ಐದು ಕಮಾನಿನ ಕಲ್ಲು ಸೇತುವೆ ಇದೆ. ಜನ ಇಂದಿಗೂ ಅದನ್ನು ದಾಟುತ್ತಾರೆ. ಹೆಚ್ಚುಕಡಿಮೆ ಅದೇ ಶತಮಾನಗಳಲ್ಲಿ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ನಮ್ಮ ಶಿಲ್ಪಿಗಳು ಈ ಸೀಮೆಯ ಸುಣ್ಣಕಲ್ಲಿನ ಮೇಲೆ ಬೌದ್ಧ ಸ್ತೂಪ ಕಟ್ಟಿ, ಅಶೋಕನ ಮೂರ್ತಿ ಕೊರೆದು, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರು ಬರೆದಿದ್ದರು. ಕಲ್ಲಿಗೆ ನಾವೇನು ಬಡವರಲ್ಲ.

ಈಗ ಆ ಗೋಡೆಯ ಮಾತು. ಬೊಲೊನ್ಯಾದ ಹಳೆಯ ಕಟ್ಟಡ 1563ರದು. ಅದರ ಗೋಡೆ, ಚಾವಣಿಯ ತುಂಬ ಅಲ್ಲಿ ಓದಿದವರ ಹೆಸರು, ಊರು, ಲಾಂಛನ, ಸುಮಾರು ಆರು ಸಾವಿರ. ಹೆಚ್ಚಿನವು ವಿದ್ಯಾರ್ಥಿಗಳ ಮುಖಂಡರವು. 1944ರಲ್ಲಿ ಬಾಂಬು ಬಿದ್ದು ಒಂದು ಭಾಗ ಕುಸಿದಿತ್ತು, ಮತ್ತೆ ಕಟ್ಟಿದರು. ಇಂದು ಅದು ಊರಿನ ಗ್ರಂಥಾಲಯ.

ಮರಳಿ ಬಂದ ಮೇಲೆ ಆ ಗೋಡೆಯ ಫೋಟೊ ನನ್ನ ಬೆಂಚಿನ ಜೊತೆಗಾರನಿಗೆ ತೋರಿಸಿದೆ. ಅವನು ಹತ್ತನೇ ತರಗತಿಯ ನಡುವೆ, ಅಪ್ಪ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ಖಣಿಗೆ ಇಳಿದವನು. ಓದಿನಲ್ಲಿ ನನಗಿಂತ ಮುಂದಿದ್ದ. ಫೋಟೊವನ್ನು ಬಹಳ ಹೊತ್ತು ನೋಡಿದ. ಆಮೇಲೆ, "ನಮ್ಮ ಸಾಲಿ ಗ್ವಾಡಿಗೂ ಹಿಂಗ ಎಲ್ಲರ ಹೆಸರು ಹಾಕಬೇಕು. ಪರಸಿ ನಾ ಕೊಡ್ತೀನಿ" ಅಂದ.

ಐವತ್ತು ವರ್ಷದ ದಾಖಲಾತಿ ರಿಜಿಸ್ಟರು ನಮ್ಮ ಕಚೇರಿಯಲ್ಲಿದೆ. ಪುಸ್ತಕದ ಕಪಾಟೂ ಇದೆ. ಅದಕ್ಕೆ ಆರು ಮಂದಿ ಬೇಡ, ದಿನಾ ಬೀಗ ತೆಗೆಯುವವರು ಒಬ್ಬರಿದ್ದರೆ ಸಾಕು. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಇಷ್ಟನ್ನು ವಹಿಸಿಕೊಂಡರೆ ಈ ಶಾಲೆ ಯಾರ ದತ್ತಿಯ ದಾರಿಯನ್ನೂ ಕಾಯಬೇಕಿಲ್ಲ. ನನ್ನ ಪಾಲಿನದನ್ನು ನಾನು ಕೊಡುತ್ತೇನೆ.

ಏಳುವಾಗ ಅವನು ಕೇಳಿದ: "ಎಸ್ಸೆಸ್ಸೆಲ್ಸಿ ಬರೀಲಾರದವರ ಹೆಸರೂ ಹಾಕ್ತಾರೇನು?"

ನಾಗಾವಿಯಲ್ಲಿ ಅವನು ಕೇಳಿದ ಪ್ರಶ್ನೆಗೆ ಸರ್ ಉತ್ತರ ಕೊಟ್ಟಿದ್ದರು. ಇದಕ್ಕೆ ಉತ್ತರ ಕೊಡಬೇಕಾದವರು ನಾವು. ಸಮಿತಿಯ ಮುಂದೆ ಇದನ್ನು ಇಡುತ್ತಿದ್ದೇನೆ.