ಎರಡು ಮ್ಯಾಂಚೆಸ್ಟರ್‌ಗಳು

ಐಮಂಗಲದಿಂದ ಹೆದ್ದಾರಿ ಹಿಡಿದು ಪುಣೆಯ ದಿಕ್ಕಿಗೆ ಹೊರಟರೆ ಚಿತ್ರದುರ್ಗ, ಅದರಾಚೆ ದಾವಣಗೆರೆ. 1997ರವರೆಗೆ ಇವೆಲ್ಲ ಒಂದೇ ಜಿಲ್ಲೆಯ ಊರುಗಳು. ಹತ್ತಿಯ ಪೇಟೆಯಾಗಿದ್ದ ದಾವಣಗೆರೆಯಲ್ಲಿ 1930ರ ದಶಕದಲ್ಲಿ ಬಟ್ಟೆ ಗಿರಣಿ ಬಂತು. ಮುಂದೆ ಗಿರಣಿಗಳು ಹೆಚ್ಚಿ, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಾಯಿತು. ನಿಮ್ಮಲ್ಲಿ ಹಲವರಿಗೆ ಈಗ ಅದು ಬೆಣ್ಣೆದೋಸೆಯ ಊರು!

ಹೆಸರು ಕೊಟ್ಟ ಆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ತನ್ನ ಹಳೆಯ ಕಟ್ಟಡಗಳನ್ನು ಏನು ಮಾಡಿತು, ನೋಡೋಣ.

1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ಆರಂಭವಾಯಿತು. ಬಂದರಿನಲ್ಲಿ ಇಳಿದ ಹತ್ತಿಯ ಅಂಡಿಗೆಗಳು ರೈಲಿನಲ್ಲಿ ಬಂದು ಲಿವರ್‌ಪೂಲ್ ರಸ್ತೆ ನಿಲ್ದಾಣದ ಉಗ್ರಾಣ ಸೇರುತ್ತಿದ್ದವು. ಅದರಲ್ಲಿ ಬಹುಪಾಲು ಅಮೆರಿಕದ ಗುಲಾಮರು ಬಿಡಿಸಿದ ಹತ್ತಿ ಎಂಬುದನ್ನು ಮರೆಯಬಾರದು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ, ಮ್ಯಾಂಚೆಸ್ಟರಿನ ವರ್ತಕರ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೂ ಬಿತ್ತು.

ಈ ನಿಲ್ದಾಣಕ್ಕೆ ಪ್ರಯಾಣಿಕರು ಬರುವುದು 1844ರಲ್ಲೇ ನಿಂತಿತು. ಸರಕು ಸಾಗಣೆ 1975ರವರೆಗೆ ನಡೆಯಿತು. ಆಮೇಲೆ ಉಳಿದದ್ದು ಪಾಳು ಕಟ್ಟಡ. ಸ್ಥಳೀಯ ಆಡಳಿತ ಅದನ್ನು ನಾಮಮಾತ್ರಕ್ಕೆ 1 ಪೌಂಡ್ ಕೊಟ್ಟು ಕೊಂಡಿತು. ಕೊಂಡದ್ದು ಅಗ್ಗ, ದುರಸ್ತಿ ಅಗ್ಗವಲ್ಲ. 1983ರಲ್ಲಿ, ಅದೇ ಸೆಪ್ಟೆಂಬರ್ 15ರಂದು, ಅಲ್ಲಿ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯ ತೆರೆಯಿತು. ಹತ್ತಿ ಹಿಂಜುವ, ನೂಲುವ, ನೇಯುವ ಯಂತ್ರಗಳನ್ನು ಅಲ್ಲಿ ಗಾಜಿನ ಹಿಂದೆ ಇಟ್ಟು ಬಿಡಲಿಲ್ಲ, ಓಡಿಸಿಯೇ ತೋರಿಸಿದರು. ನನಗೆ ಮುಖ್ಯವೆನಿಸುವುದು ಇದೇ. ಎಳೆ ಕಡಿದಾಗ ಜೋಡಿಸಲು ಬಲ್ಲ ಕೈ ಇಲ್ಲದಿದ್ದರೆ ಮಗ್ಗ ಬರೀ ಕಬ್ಬಿಣ.

ನಮ್ಮಲ್ಲೂ ಇಂಥ ಪ್ರಯತ್ನ ಇಲ್ಲದಿಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ನೆನಪಿಗೆ ಧಾರಾವಾಹಿಯ ಬಲವಿತ್ತು. ಗಿರಣಿಗೆ ಆ ಅದೃಷ್ಟವಿಲ್ಲ. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ದುಡಿದವರಿಗೆ ಈಗ ವಯಸ್ಸಾಗಿದೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥ ಅಜ್ಜ ಒಬ್ಬರಿದ್ದರೆ ಹೋಗಿ ಕೇಳಿ: ಗಿರಣಿಯ ಕೂಗು ಎಷ್ಟು ಗಂಟೆಗೆ ಆಗುತ್ತಿತ್ತು? ಯಾವ ಪಾಳಿ? ಎಳೆ ಕಡಿದರೆ ಹೇಗೆ ಜೋಡಿಸುತ್ತಿದ್ದಿರಿ? ಅವರು ಕೈಸನ್ನೆಯಲ್ಲೇ ತೋರಿಸಿದರೆ ಅದನ್ನೂ ಬರೆದುಕೊಳ್ಳಿ.